ಪೆಟ್ಟಿಗೆಯಿಂದ ಹೊರಗೆ ಬಂದ ಮೊನೆ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಒಂದು ಫೋಟೊ ಬಂದಿತ್ತು. ನನ್ನಿಂದ ಚಾಕು ಕೊಂಡವರು ಕಳಿಸಿದ್ದು. ಅದರಲ್ಲಿ ಇದ್ದದ್ದು ನಾನೇ ಕಳಿಸಿದ್ದ ರಟ್ಟಿನ ಪೆಟ್ಟಿಗೆ. ಅದರ ಮೂಲೆಯಿಂದ ಚಾಕುವಿನ ಮೊನೆ ಹೊರಗೆ ಬಂದಿತ್ತು, ಬೆರಳಿನ ಒಂದು ಗೆಣ್ಣಿನಷ್ಟು. ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಒಂದು ಸಾಲು ಬಂತು: "ತಂದುಕೊಟ್ಟ ಹುಡುಗನ ಅಂಗಿ ಪಕ್ಕೆಯ ಹತ್ತಿರ ಹರಿದಿದೆ. ಮೈಗೆ ತಾಗಿಲ್ಲ, ನಾನೇ ನೋಡಿದೆ."

ಆ ಕೊನೆಯ ಮಾತನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಎಲ್ಲರೂ ಹಿಡಿಯುವ ಹಾಗೆ ಆ ಹುಡುಗ ಪೆಟ್ಟಿಗೆಯನ್ನು ಪಕ್ಕೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದ್ದಾನೆ. ಒಳಗೆ ಚಾಕು ಇದೆ ಅಂತ ಅವನಿಗೆ ಗೊತ್ತಿಲ್ಲ. ಅವನಿಗಿಂತ ಮೊದಲು ಅದನ್ನು ಎತ್ತಿದವರು, ಲಾರಿಯಲ್ಲಿ ಒಟ್ಟಿದವರು, ಗೋಣಿಯಿಂದ ಸುರಿದು ವಿಂಗಡಿಸಿದವರು, ಅವರಿಗೂ ಗೊತ್ತಿಲ್ಲ. ಪ್ಯಾಕ್ ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ಎರಡೇ: ಚಾಕುವಿಗೆ ಗೀರು ಬೀಳಬಾರದು, ಕೊಂಡವರಿಗೆ ಖುಷಿ ಆಗಬೇಕು. ನಡುವೆ ಇಷ್ಟೊಂದು ಕೈಗಳಿವೆ ಅಂತ ಯೋಚನೆಯೇ ಬಂದಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಅದು 1095 ಅನ್ನುವ, ಇಂಗಾಲ ಜಾಸ್ತಿ ಇರುವ ಉಕ್ಕಿನ, ಮಡಚಲು ಬಾರದ ಚಾಕು. ಅಲಗು ಸುಮಾರು 15 ಸೆಂಟಿಮೀಟರ್, ಅಲಗು ಹಿಡಿಗೆ ಸೇರುವಲ್ಲಿ ಹಿತ್ತಾಳೆಯ ಕಟ್ಟು, ಮರದ ಹಿಡಿ. ಅದನ್ನು ಅದರದೇ ಚರ್ಮದ ಒರೆಗೆ ಹಾಕಿ, ಮೇಲೆ ಎರಡು ಸುತ್ತು ಬಬಲ್ ರ‍್ಯಾಪ್ ಸುತ್ತಿ, ಒಂದೇ ಪದರದ ರಟ್ಟಿನ ಪೆಟ್ಟಿಗೆಗೆ ಇಟ್ಟು ಟೇಪ್ ಹಾಕಿದ್ದೆ. ಒರೆ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ಆದರೆ ಆ ಒರೆಗೆ ಗುಂಡಿ ಪಟ್ಟಿ ಇರಲಿಲ್ಲ, ಚಾಕು ಬರೀ ಬಿಗಿಯಲ್ಲಿ ಕೂತಿತ್ತು. ಪೆಟ್ಟಿಗೆ ಬಿದ್ದಾಗಲೆಲ್ಲ ಹಿಡಿಯ ಭಾರವೆಲ್ಲ ಮೊನೆಯ ಮೇಲೆ ಬಂದಿದೆ. ಮೊನೆ ಮೊದಲು ಒರೆಯ ತುದಿಯ ಹೊಲಿಗೆ ಕತ್ತರಿಸಿದೆ, ಆಮೇಲೆ ಬಬಲ್ ರ‍್ಯಾಪ್, ಆಮೇಲೆ ರಟ್ಟು. ಒರೆ ಇರುವುದು ಸೊಂಟದಲ್ಲಿ ಕಟ್ಟಿಕೊಳ್ಳಲು, ಹತ್ತು ಸಲ ಎಸೆಸಿಕೊಳ್ಳಲು ಅಲ್ಲ.

ಕೊಂಡವರು ನನಗಿಂತ ಹಿರಿಯರು, ತುಂಬ ವರ್ಷಗಳಿಂದ ಚಾಕು ಸಂಗ್ರಹಿಸುವವರು. ಒಂದು ಮಾತೂ ಬೈಯಲಿಲ್ಲ. ಮೊನೆ ಬಾಗಿದೆ, ವಾಪಸ್ ಕಳಿಸುತ್ತೇನೆ, ಪೆಟ್ಟಿಗೆಯನ್ನು ನಿಧಾನವಾಗಿ ಬಿಚ್ಚಿ ಅಂದರು ಅಷ್ಟೇ. ನಾನು ಅವತ್ತೇ ದುಡ್ಡು ವಾಪಸ್ ಹಾಕಿದೆ.

ಆ ಪಾರ್ಸೆಲ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡು ಪದರದ ದಪ್ಪ ರಟ್ಟಿನ ಪೆಟ್ಟಿಗೆ. ಅಂಚುಗಳಿಗೂ ಸೇರಿಸಿ ಟೇಪ್ ಹಾಕಿದ್ದರು, ಮೂರು ಪಟ್ಟಿ, ಮೇಲೂ ಕೆಳಗೂ. ಬಿಚ್ಚಿದ ಕೂಡಲೇ ಮೇಲೆ ಒಂದು ಚೀಟಿ: "ಒಳಗೆ ಹರಿತವಾದ ಚಾಕು ಇದೆ. ಹಿಡಿ ನಿಮ್ಮ ಎಡಕ್ಕೆ. ಕೈ ಹಾಕಿ ಎಳೆಯಬೇಡಿ." ಒಬ್ಬ ಮನುಷ್ಯ ಪೆಟ್ಟಿಗೆ ಬಿಚ್ಚುವ ಇನ್ನೊಬ್ಬನ ಕೈಯನ್ನು ಅಷ್ಟು ದೂರದಿಂದ ಕಂಡಿದ್ದಾರೆ ಅನ್ನಿಸಿತು. ಈಗ ಆ ಚೀಟಿ ಇಲ್ಲದೆ ನಾನು ಒಂದೂ ಪೆಟ್ಟಿಗೆ ಕಳಿಸುವುದಿಲ್ಲ. ಹೊರಗಡೆ ಮಾತ್ರ ಚಾಕು ಅಂತ ದೊಡ್ಡದಾಗಿ ಬರೆಯುವುದಿಲ್ಲ, ಅದು ಕಳ್ಳರನ್ನು ಕರೆದ ಹಾಗೆ. ಕಾಗದಪತ್ರದಲ್ಲಿ ಮಾತ್ರ ಇರುವುದನ್ನು ಇರುವ ಹಾಗೇ ಬರೆಯಬೇಕು.

ಒಳಗೆ ಇನ್ನೊಂದು ಸಣ್ಣ ಪೆಟ್ಟಿಗೆ. ಎರಡರ ನಡುವೆ ಸುತ್ತಲೂ ಸುಮಾರು 5 ಸೆಂಟಿಮೀಟರ್ ಜಾಗ, ಅದರ ತುಂಬ ಮುದುಡಿದ ದಪ್ಪ ಕಾಗದ, ಕೈಯಲ್ಲಿ ಒತ್ತಿದರೂ ಕುಸಿಯದ ಹಾಗೆ. ಸಣ್ಣ ಪೆಟ್ಟಿಗೆಯಲ್ಲಿ ಗಟ್ಟಿ ಹಲಗೆಯಂಥ ರಟ್ಟು, ಅದಕ್ಕೆ ಚಾಕುವನ್ನು ಎರಡು ಕಡೆ ಕಟ್ಟಿದ್ದರು. ಹಿಡಿಯ ಸುತ್ತ ಮೊದಲು ಮೆತ್ತನೆ ಬಟ್ಟೆ, ಅದರ ಮೇಲೆ ಹತ್ತಿಯ ದಾರ, ದಾರ ರಟ್ಟಿನ ತೂತುಗಳೊಳಗಿಂದ ಹಿಂದೆ ಹೋಗಿ ಗಂಟಾಗಿತ್ತು. ಚಾಕು ಹಿಂದೆ ಮುಂದೆ ಒಂದು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ನನ್ನ ಪ್ಯಾಕಿಂಗ್‌ನಲ್ಲಿ ಇಲ್ಲದೇ ಹೋದದ್ದು ಇದೇ. ಮೆತ್ತೆ ಎಷ್ಟು ಹಾಕಿದರೂ ಚಾಕು ಓಡಾಡುವ ಹಾಗಿದ್ದರೆ ಅದು ದಾರಿಯುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನು ಅಲಗಿನ ಕವಚ. ಇದನ್ನು ಬಿಚ್ಚದೆ ಎಷ್ಟೋ ಹೊತ್ತು ತಿರುಗಿಸಿ ನೋಡಿದೆ. ಎರಡು ಉದ್ದ ರಟ್ಟಿನ ಪಟ್ಟಿ, ಅಲಗಿಗಿಂತ ನಾಲ್ಕು ಬೆರಳು ಜಾಸ್ತಿ ಉದ್ದ. ಅವುಗಳ ನಡುವೆ, ಹರಿತವಾದ ಬಾಯಿಯ ಪಕ್ಕಕ್ಕೆ, ಇನ್ನೊಂದು ಸಣ್ಣ ಪಟ್ಟಿಯನ್ನು ಅಂಟಿಸಿದ್ದರು. ಹಾಗಾಗಿ ಬಾಯಿ ಟೇಪಿನ ಕಡೆಗೆ ಬರುವ ದಾರಿಯೇ ಇಲ್ಲ. ತುದಿಯಲ್ಲಿ ಉಳಿದ ನಾಲ್ಕು ಬೆರಳನ್ನು ಮೂರು ಸಲ ಮಡಚಿ ಟೇಪ್ ಸುತ್ತಿದ್ದರು, ಮೊನೆಗೂ ಆ ಮಡಿಕೆಗೂ ನಡುವೆ ಖಾಲಿ ಜಾಗ ಬಿಟ್ಟು. ಟೇಪ್ ಎಲ್ಲವೂ ರಟ್ಟಿನ ಮೇಲೆ. ಉಕ್ಕಿಗಾಗಲಿ ಮರಕ್ಕಾಗಲಿ ಒಂದು ಚೂರೂ ಅಂಟಿರಲಿಲ್ಲ. ಟೇಪಿನ ಅಂಟು ಹಳೆಯ ಹಿಡಿಯ ಮೆರುಗನ್ನು ಕಿತ್ತುಕೊಂಡು ಬಂದಿದ್ದನ್ನು ನಾನು ಬೇರೆ ಕಡೆ ನೋಡಿದ್ದೇನೆ, ನೋಡುವುದಕ್ಕೇ ಸಂಕಟ.

ಅಲಗಿಗೆ ತೆಳ್ಳಗೆ ಮಿನರಲ್ ಆಯಿಲ್ ಸವರಿ, ತುಕ್ಕು ತಡೆಯುವ ವಿಸಿಐ ಕಾಗದ ಸುತ್ತಿದ್ದರು. ಒರೆಯನ್ನು ಬೇರೆಯಾಗಿ ಇಟ್ಟಿದ್ದರು. ಯಾಕೆ ಅಂತ ಕೇಳಿದಾಗ ಹೇಳಿದರು, ಚರ್ಮ ತೇವ ಹಿಡಿದುಕೊಳ್ಳುತ್ತದೆ, ಹದ ಮಾಡಲು ಹಾಕಿದ ಉಪ್ಪು, ರಾಸಾಯನಿಕ ಅದರಲ್ಲೇ ಉಳಿದಿರುತ್ತವೆ, ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಕಿಲುಬು ಎರಡೂ ಅಲ್ಲಿಂದಲೇ ಶುರು. 1095ರಲ್ಲಿ ಇಂಗಾಲ ಸುಮಾರು 0.95 ಶೇಕಡಾ ಇರುತ್ತದೆ, ಆದರೆ ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಬೇಕಾದ 10.5 ಶೇಕಡಾ ಕ್ರೋಮಿಯಂ ಇರುವುದಿಲ್ಲ. ಇಂಥ ಉಕ್ಕಿಗೆ ಒರೆಸದೆ ಬಿಟ್ಟ ಒಂದು ಬೆರಳಚ್ಚು ಸಾಕು, ಒಂದು ವಾರದ ಪ್ರಯಾಣ ಮುಗಿಯುವಷ್ಟರಲ್ಲಿ ಅದರ ಗುರುತು ಮೂಡಿಬಿಡಬಹುದು.

ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್‌ನ ಹಿಡಿ ಇರುವ ಚಾಕುಗಳ ಕಥೆ ಬೇರೆಯೇ. ಆ ವಸ್ತು ಹಳತಾದಂತೆ ಆಮ್ಲದ ಆವಿ ಬಿಡುತ್ತದೆ, ಪಕ್ಕದಲ್ಲಿರುವ ಚಾಕುವಿಗೂ ತುಕ್ಕು ಹಿಡಿಸುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ. ಹಾಗಾಗಿ ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಬಾರದು, ಇನ್ನೊಂದು ಚಾಕುವಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಲೂಬಾರದು. ಸಾಗಿಸುವವರು ಒಪ್ಪುತ್ತಾರಾ ಅಂತ ಕೇಳದೆ ನಾನಂತೂ ಕಳಿಸುವುದಿಲ್ಲ.

ಆ ಪಾರ್ಸೆಲ್ ಬಂದ ದಿನ ಸಂಜೆ ಮರದ ತುಂಡಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಅದೇ ಚಾಕುವಿನ ತೂಕಕ್ಕೆ ಒಂದು ನಕಲಿ ಮಾಡಿದೆ. ಅವರು ಮಾಡಿದ ಹಾಗೇ ಪ್ಯಾಕ್ ಮಾಡಿ ಬೀಳಿಸಿ ನೋಡಿದೆ. ಪ್ಯಾಕಿಂಗ್ ಪರೀಕ್ಷೆ ಮಾಡುವವರಲ್ಲಿ ಒಂದು ಪದ್ಧತಿ ಇದೆ, ಹಗುರ ಪೆಟ್ಟಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ 10 ಸಲ ಬೀಳಿಸುತ್ತಾರೆ: ಒಂದು ಮೂಲೆ, ಮೂರು ಅಂಚು, ಆರು ಮುಖ. ನಾನೂ ಹಾಗೇ ಬೀಳಿಸಿದೆ. ಬಿಚ್ಚಿದರೆ ಒಳಗಿನದು ಇಟ್ಟ ಜಾಗದಲ್ಲೇ ಇತ್ತು. ಆಮೇಲೆ ನನ್ನ ಹಳೆಯ ಥರ, ಬರೀ ಬಬಲ್ ರ‍್ಯಾಪ್ ಸುತ್ತಿ ಬೀಳಿಸಿದೆ. ನಾಲ್ಕನೇ ಸಲಕ್ಕೆ ಪಟ್ಟಿಯ ತುದಿ ಹೊರಗೆ ಬಂತು. ಅದು ಹರಿತ ಕೂಡ ಇರಲಿಲ್ಲ.

ಈಗ ಮುಚ್ಚುವ ಮುಂಚೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಸಣ್ಣ ಸದ್ದು ಕೇಳಿದರೂ ಮತ್ತೆ ಬಿಚ್ಚುತ್ತೇನೆ. ಮಡಚುವ ಚಾಕುವಾದರೆ ಸುಲಭ, ಆದರೂ ದಾರಿಯಲ್ಲಿ ತೆರೆದುಕೊಳ್ಳದ ಹಾಗೆ ಕಾಗದ ಸುತ್ತಿ ದಾರ ಕಟ್ಟುತ್ತೇನೆ. ಪ್ರತಿ ಹಂತದ ಫೋಟೊ ತೆಗೆದಿಡುತ್ತೇನೆ, ವಿಮೆ ಕೇಳುವ ದಿನ ಬಂದರೆ ಬೇಕಾಗುತ್ತದೆ. ಕಂಪನಿಯ ಮೂಲ ಡಬ್ಬಿ ಇದ್ದರೆ ಅದನ್ನೂ ಚಪ್ಪಟೆಯಾಗದ ಹಾಗೆ ಒಳಗೇ ಇಡುತ್ತೇನೆ, ಸಂಗ್ರಹಿಸುವವರಿಗೆ ಆ ಡಬ್ಬಿಯೂ ಚಾಕುವಿನಷ್ಟೇ ಮುಖ್ಯ ಅಲ್ವಾ. ದುಡ್ಡು ತೆಗೆದುಕೊಳ್ಳುವ ಮುಂಚೆಯೇ, ಕೊಳ್ಳುವವರು ಇರುವಲ್ಲಿಗೆ ಅಂಥ ಚಾಕು ಕಳಿಸಲು ಕಾನೂನು ಬಿಡುತ್ತದಾ ಅಂತ ನೋಡುತ್ತೇನೆ. ಗುಂಡಿ ಒತ್ತಿದರೆ ತೆರೆಯುವ ಚಾಕುಗಳಿಗೆ ಅಮೆರಿಕದಲ್ಲಿ 1958ರಿಂದಲೇ ಒಂದು ಕಾನೂನಿದೆ, ಬೇರೆ ದೇಶಗಳಲ್ಲೂ ಅವರವರ ನಿಯಮಗಳಿವೆ. ದಂತದ ಹಿಡಿಯ ಚಾಕುವನ್ನಂತೂ ಗಡಿ ದಾಟಿಸುವ ಮಾತೇ ಬೇಡ.

ಬಾಗಿದ ಮೊನೆಯನ್ನು ಚಾಕು ಮಾಡುವವರೊಬ್ಬರ ಹತ್ತಿರ ಕೊಟ್ಟೆ. ಅವರು ಬೆನ್ನಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ಸಾಣೆ ಹಿಡಿದರು, ಉಕ್ಕಿನ ಗಡಸುತನ ಬಿಸಿಗೆ ಹೋಗಬಾರದು ಅಂತ ಘಳಿಗೆಗೊಮ್ಮೆ ನೀರಿಗೆ ಅದ್ದುತ್ತ. ಅಲಗು ಸ್ವಲ್ಪ ಗಿಡ್ಡವಾಯಿತು. ಫೋಟೊ ಕಳಿಸಿ, ಹೀಗಾಗಿದೆ, ಇದನ್ನು ಇನ್ನು ಮಾರುವುದಿಲ್ಲ ಅಂತ ಮೊದಲು ಕೊಂಡಿದ್ದವರಿಗೆ ಬರೆದೆ. ಅವರು, "ನನಗೆ ಅದೇ ಬೇಕು, ಬೆಲೆ ನೋಡಿ ಹೇಳಿ" ಅಂದರು.

ಅವರೇ ಮಾಡಿದ್ದ ರಟ್ಟಿನ ಕವಚದಲ್ಲೇ ಅದನ್ನು ವಾಪಸ್ ಕಳಿಸಿದೆ. ಈ ಸಲ ಬಂದ ಫೋಟೊದಲ್ಲಿ ಪೆಟ್ಟಿಗೆಯ ನಾಲ್ಕೂ ಮೂಲೆ ಸರಿಯಾಗಿದ್ದವು. ಪೆಟ್ಟಿಗೆ ಹಿಡಿದಿದ್ದ ಕೈ ತಂದುಕೊಟ್ಟ ಹುಡುಗನದು, ಅವನೇ ಅಂತೆ. ಆಮೇಲೆ ಇಬ್ಬರೂ ಇನ್ನೂ ಮೂರು ಚಾಕು ಕೊಟ್ಟು ತೆಗೆದುಕೊಂಡಿದ್ದೇವೆ, ಕವಚ ಅದೇ. ಹೋದ ಸಲ ನನ್ನ ಹತ್ತಿರ ಬಂದಾಗ ಬಾಯಿಯ ಪಕ್ಕದ ಪಟ್ಟಿ ಸವೆದಿತ್ತು ಅಂತ ಅವರು ಹೊಸದು ಅಂಟಿಸಿದ್ದರು.