ಲಂಗ ನೆಲಕ್ಕೆ ತಾಗುತ್ತಾ ಅಜ್ಜಿ?

‘ರೋಗಿ ಸಹಕರಿಸಲಿಲ್ಲ.’

ಒಂದು ರಿಪೋರ್ಟಿನ ಕೆಳಗೆ ನಾನೇ ಟೈಪ್ ಮಾಡಿದ ಎರಡು ಪದ ಇವು. ಏಳು ವರ್ಷ ಆಯಿತು, ಇನ್ನೂ ಚುಚ್ಚುತ್ತವೆ.

ನಾನು ರೇಡಿಯೋಗ್ರಾಫರ್. ಎಕ್ಸ್‌ರೇ ಜೊತೆಗೆ ಡೆಕ್ಸಾ ರೂಮನ್ನೂ ನೋಡಿಕೊಳ್ಳುತ್ತೇನೆ. ಡೆಕ್ಸಾ ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಯಂತ್ರ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಮಾಂಸದ ಪಾಲನ್ನು ಕಳೆದು, ಮೂಳೆಯಲ್ಲಿ ಎಷ್ಟು ಖನಿಜ ಇದೆ ಅಂತ ಲೆಕ್ಕ ಹಾಕುತ್ತದೆ. ವಿಕಿರಣಕ್ಕೆ ಹೆದರುವ ಅಗತ್ಯವಿಲ್ಲ. ಸುಮ್ನೆ ಮನೆಯಲ್ಲಿ ಕೂತಿದ್ದರೂ ಒಂದು ದಿನಕ್ಕೆ ಮೈಗೆ ತಾಗುವಷ್ಟೇ, ಹೆಚ್ಚು ಕಡಿಮೆ.

ಆಗ ನಾನು ಡೆಕ್ಸಾಗೆ ಹೊಸಬಳು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸೊಸೆಯ ಜೊತೆ ಬಂದರು. ಚೀಟಿಯಲ್ಲಿ ‘ಬೆನ್ನುಮೂಳೆ ಮತ್ತು ಸೊಂಟದ ಕೀಲು’ ಅಂತ ಇತ್ತು. ಬೆನ್ನಿನದು ಸಲೀಸಾಗಿ ಆಯಿತು. ಸೊಂಟದ ಕೀಲಿಗೆ ಕಾಲನ್ನು 15ರಿಂದ 25 ಡಿಗ್ರಿ ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟಬೇಕು. ಹಾಗೆ ಮಾಡಿದರೆ ತೊಡೆಮೂಳೆಯ ಕತ್ತು ಚಿತ್ರದಲ್ಲಿ ಪೂರ್ತಿ ಉದ್ದಕ್ಕೆ ಕಾಣುತ್ತದೆ. ಅಜ್ಜಿಗೆ ಎಡಮಂಡಿ ನೋವು. ಕಾಲು ತಿರುಗಿಸಲು ಹೋದರೆ ‘ಅಯ್ಯಯ್ಯೋ ಬಿಡವ್ವಾ’ ಅಂತ ಕೂಗಿದರು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು. ನಾನು ಬಿಟ್ಟೆ. ಬಲಗಾಲು ನೋಡೋಣ ಅಂತ ಹೊಳೆಯಲೂ ಇಲ್ಲ. ಬೆನ್ನಿನ ಟಿ ಸ್ಕೋರ್, ಅಂದರೆ ಹರೆಯದವರ ಮೂಳೆಗೆ ಹೋಲಿಸಿ ಯಂತ್ರ ಕೊಡುವ ಅಂಕಿ, ಮೈನಸ್ 0.9 ಬಂತು. ನಾರ್ಮಲ್. ಎರಡು ಪದ ಟೈಪ್ ಮಾಡಿ, ಪ್ರಿಂಟ್ ಕೊಟ್ಟು ಕಳಿಸಿದೆ.

ಐದು ತಿಂಗಳ ನಂತರ ಅದೇ ಅಜ್ಜಿ ಸ್ಟ್ರೆಚರ್ ಮೇಲೆ ನನ್ನ ಎಕ್ಸ್‌ರೇ ರೂಮಿಗೆ ಬಂದರು. ಹಿತ್ತಲಿನಿಂದ ಒಳಗೆ ಬರುವಾಗ ಹೊಸ್ತಿಲು ಎಡವಿದ್ದರು, ಅಷ್ಟೇ. ತೊಡೆಮೂಳೆಯ ಕತ್ತು ಮುರಿದಿತ್ತು. ಸೊಸೆ ನನ್ನ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದರು. ‘ಮೂಳೆ ಗಟ್ಟಿ ಇದೆ ಅಂತ ಇಲ್ಲೇ ಬರೆದುಕೊಟ್ಟಿದ್ರಲ್ಲ ಮೇಡಂ?’ ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ನಮ್ಮ ಸೀನಿಯರ್ ಹಳೇ ಸ್ಕ್ಯಾನ್ ತೆಗೆದು ಪರದೆ ತುಂಬ ದೊಡ್ಡದು ಮಾಡಿದರು. ‘ನೀನು ಅಂಕಿ ನೋಡಿದೀಯ. ಚಿತ್ರ ನೋಡಿಲ್ಲ’ ಅಂದರು.

ಡೆಕ್ಸಾದಲ್ಲಿ ಬೆನ್ನು ಅಂದರೆ ಸೊಂಟದ ಮಟ್ಟದ ನಾಲ್ಕು ಮಣಿ, ಎಲ್-1ರಿಂದ ಎಲ್-4. ನಾಲ್ಕನ್ನೂ ಸೇರಿಸಿ ಒಂದು ಅಂಕಿ. ಅಜ್ಜಿಯದನ್ನು ಬಿಡಿಸಿ ನೋಡಿದರೆ ಹೀಗಿತ್ತು: ಎಲ್-1 ಪ್ಲಸ್ 0.2, ಎಲ್-2 ಮೈನಸ್ 2.3, ಎಲ್-3 ಮೈನಸ್ 0.6, ಎಲ್-4 ಮೈನಸ್ 0.7. ಪಕ್ಕಪಕ್ಕದ ಮಣಿಗಳ ನಡುವೆ ಟಿ ಸ್ಕೋರಿನಲ್ಲಿ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನಿಲ್ಲಬೇಕು. ಇಲ್ಲಿ ಎರಡೂವರೆ ಇತ್ತು! ಒಬ್ಬಳೇ ಮನುಷ್ಯಳ ಬೆನ್ನಿನಲ್ಲಿ ಒಂದು ಮಣಿ ಇಪ್ಪತ್ತರ ಹುಡುಗಿಯದು, ಅದರ ಕೆಳಗಿನದು ಮುದುಕಿಯದು. ಇರುತ್ತಾ?

ಎಲ್-1 ಕುಸಿದಿತ್ತು. ಯಾವಾಗಲೋ ಮುರಿದು ಚಪ್ಪಟೆಯಾಗಿತ್ತು. ಖನಿಜ ಅಷ್ಟೇ ಇದೆ, ಆದರೆ ಕಡಿಮೆ ಜಾಗದಲ್ಲಿ ಒತ್ತಿಕೊಂಡಿದೆ. ಸೀರೆ ಮಡಚಿದರೆ ದಪ್ಪ ಕಾಣುತ್ತದೆ, ಬಟ್ಟೆ ಜಾಸ್ತಿ ಆಗಿರುವುದಿಲ್ಲ ಅಲ್ವಾ? ಯಂತ್ರ ಆ ದಪ್ಪವನ್ನೇ ಗಟ್ಟಿ ಅಂತ ಓದಿತು. ಎಲ್-3, ಎಲ್-4ರ ಅಂಚಿನಲ್ಲಿ ಸವೆತದಿಂದ ಬೆಳೆದ ಕೊಕ್ಕೆಯಂಥ ಮೂಳೆ. ಅದೂ ಲೆಕ್ಕಕ್ಕೆ ಸೇರಿತ್ತು. ವಯಸ್ಸಾದವರಲ್ಲಿ ಬೆನ್ನಿನ ಮುಂದೆ ಹಾದುಹೋಗುವ ಮಹಾಧಮನಿಯಲ್ಲಿ ಸುಣ್ಣ ಕಟ್ಟಿದ್ದರೆ ಅದನ್ನೂ ಯಂತ್ರ ಮೂಳೆಯ ಖಾತೆಗೆ ಹಾಕುತ್ತದೆ. ಕಿರಣ ಹಾಯುವ ದಾರಿಯಲ್ಲಿ ಸಿಕ್ಕಿದ್ದೆಲ್ಲ ಅದಕ್ಕೆ ಮೂಳೆಯೇ.

ಕುಸಿದದ್ದು, ಸವೆದದ್ದು ಬಿಟ್ಟರೆ ಉಳಿಯುವುದು ಎಲ್-2 ಒಂದೇ. ಒಂದೇ ಮಣಿ ಇಟ್ಟುಕೊಂಡು ತೀರ್ಪು ಕೊಡುವ ಹಾಗಿಲ್ಲ, ಕನಿಷ್ಠ ಎರಡು ಬೇಕು. ಅಂದರೆ ಆ ದಿನ ಅಜ್ಜಿಯ ಬೆನ್ನು ಅಳತೆಗೆ ಬರುವಂಥದ್ದೇ ಆಗಿರಲಿಲ್ಲ. ಇನ್ನೊಂದು ಕಾಲಿನ ಸೊಂಟದ ಕೀಲು ಅಳೆಯಬಹುದಿತ್ತು. ಅದೂ ಆಗದಿದ್ದರೆ ಮುಂಗೈ ಇತ್ತು. ಜಾಸ್ತಿ ಬಳಸದ ಕೈಯ ಮೂಳೆಯಲ್ಲಿ ಮೂರನೇ ಒಂದು ಭಾಗದ ಹತ್ತಿರ ಅಳೆಯುವ ಜಾಗ ಇದೆ. ಕೂತುಕೊಂಡೇ ಮಾಡಿಸಬಹುದು, ಮಂಡಿನೋವಿನ ಪ್ರಶ್ನೆಯೇ ಇಲ್ಲ. ಸಹಕರಿಸದೆ ಇದ್ದವಳು ನಾನು.

ಆಪರೇಷನ್ ಆದ ಮೇಲೆ ವಾರ್ಡಿನಲ್ಲಿ ಸೊಸೆ ಮಾತಿಗೆ ಸಿಕ್ಕರು. ಮಾತಿನ ನಡುವೆ ಅಂದರು: ‘ಎರಡು ವರ್ಷದಿಂದ ಅತ್ತೆಯ ಲಂಗಗಳನ್ನೆಲ್ಲ ಮಡಚಿ ಮಡಚಿ ಹೊಲೀತಿದೀನಿ. ನೆಲಕ್ಕೆ ತಾಗುತ್ತೆ ಅಂತಾರೆ.’

ನಾನು ಅಲ್ಲೇ ಕೂತುಬಿಟ್ಟೆ. ಯಂತ್ರಕ್ಕೆ ಕಾಣದ ಸುದ್ದಿ ಸೂಜಿದಾರಕ್ಕೆ ಗೊತ್ತಿತ್ತು. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಜಾಸ್ತಿ ಕುಗ್ಗಿದ್ದರೆ ಬೆನ್ನುಮಣಿ ಮುರಿದಿದೆಯಾ ಅಂತ ಪಕ್ಕದಿಂದ ಚಿತ್ರ ತೆಗೆದು ನೋಡಬೇಕು. ಬೆನ್ನುಮಣಿಯ ಮುರಿತ ಎಷ್ಟೋ ಸಲ ಸದ್ದಿಲ್ಲದೆ ಆಗುತ್ತದೆ. ‘ವಯಸ್ಸಾಯ್ತು, ಸೊಂಟ ನೋವು’ ಅಂತ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಹಾಗೆ ತಾನಾಗಿಯೇ ಕುಸಿದ ಮಣಿ ಇದ್ದರೆ ಟಿ ಸ್ಕೋರ್ ಏನೇ ಬರಲಿ, ಮೂಳೆ ಟೊಳ್ಳಾಗಿದೆ ಅಂತಲೇ ಡಾಕ್ಟರು ಹಿಡಿಯುತ್ತಾರೆ.

ಆದರೆ ನಮ್ಮ ಕಡೆಯ ಅಜ್ಜಿಯರಿಗೆ ‘ಮದುವೆಯಾದಾಗ ಎಷ್ಟು ಎತ್ತರ ಇದ್ರಿ?’ ಅಂದರೆ ನಗುತ್ತಾರೆ. ಯಾರು ಅಳೆದಿಟ್ಟಿದ್ದಾರೆ? ಅದಕ್ಕೇ ಈಗ ಲಂಗದ ಪ್ರಶ್ನೆ ಕೇಳುತ್ತೇನೆ. ಅಟ್ಟದ ಡಬ್ಬ ಈಗಲೂ ಎಟುಕುತ್ತಾ ಅಂತ ಕೇಳುತ್ತೇನೆ. ಆಮೇಲೆ ಚಪ್ಪಲಿ ಬಿಡಿಸಿ, ಗೋಡೆಗೆ ನಿಲ್ಲಿಸಿ, ನಾನೇ ಎತ್ತರ ಅಳೆಯುತ್ತೇನೆ. ಜೊತೆಗೆ ಬಂದವರು ಬಾಯಲ್ಲಿ ಹೇಳಿದ ಎತ್ತರವನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ.

ಮಲಗಿಸುವ ಮೊದಲು ಸೊಂಟ ತಡವುವುದೂ ಆಮೇಲೆ ಕಲಿತದ್ದೇ. ಉಡಿದಾರ, ಸೀರೆ ನೆರಿಗೆಯ ಪಿನ್ನು, ಎಲೆಯಡಿಕೆ ಚೀಲ, ಅದರೊಳಗೆ ಸುಣ್ಣದ ಡಬ್ಬಿ. ಒಂದು ಡಬ್ಬಿ ಸರಿಯಾಗಿ ಎಲ್-4ರ ಮೇಲೆ ಕೂತು ಚಿತ್ರ ಹಾಳುಮಾಡಿತ್ತು. ಇನ್ನೊಬ್ಬರು ‘ಮೂಳೆ ಟೆಸ್ಟ್ ಅಲ್ವಾ, ಅದಕ್ಕೇ ಕ್ಯಾಲ್ಸಿಯಂ ಮಾತ್ರೆ ಎರಡು ನುಂಗಿ ಬಂದೆ’ ಅಂದರು, ಪರೀಕ್ಷೆಗೆ ಓದಿಕೊಂಡು ಬಂದ ಹಾಗೆ! ಕರಗದ ಮಾತ್ರೆ ಹೊಟ್ಟೆಯಲ್ಲಿದ್ದರೆ ಬೆನ್ನಿನ ಮೇಲೆ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಹಿಂದಿನ ದಿನದಿಂದಲೇ ಮಾತ್ರೆ ನಿಲ್ಲಿಸಿ ಬನ್ನಿ ಅಂತ ಈಗ ಫೋನಿನಲ್ಲೇ ಹೇಳುತ್ತೇವೆ.

ಟಿ ಸ್ಕೋರ್ ಬಗ್ಗೆ ಎಲ್ಲರೂ ಕೇಳುವುದರಿಂದ ಚುಟುಕಾಗಿ. ಹರೆಯದ ಆರೋಗ್ಯವಂತರ ಮೂಳೆಗೆ ಹೋಲಿಸಿದರೆ ನಿಮ್ಮದು ಎಷ್ಟು ಹಿಂದೆ ಇದೆ ಅನ್ನುವುದೇ ಅದು. ಮೈನಸ್ 1ರವರೆಗೆ ನಾರ್ಮಲ್, ಮೈನಸ್ 2.5 ಮತ್ತು ಕೆಳಗೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ; ನಡುವಿನದು ಆಸ್ಟಿಯೋಪೀನಿಯಾ, ಅಂದರೆ ಮೂಳೆ ಸ್ವಲ್ಪ ತೆಳುವಾಗಿರುವುದು. ಈ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 1994ರಲ್ಲಿ ಎಳೆಯಿತು. ಊರೂರಿನ ಫ್ರೀ ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಡಿ ಅದೇ ಟಿ ಸ್ಕೋರ್ ಅಂತ ಚೀಟಿ ಕೊಡುತ್ತಾರಲ್ಲ, ಅದಕ್ಕೆ ಈ ಗೆರೆ ಹೊಂದುವುದಿಲ್ಲ. ಆ ಚೀಟಿ ಹಿಡಿದು ಅಳುತ್ತಾ ಬಂದವರನ್ನೂ ನೋಡಿದ್ದೇನೆ, ಅದನ್ನೇ ನಂಬಿ ನಿಶ್ಚಿಂತೆಯಾಗಿ ಇದ್ದವರನ್ನೂ. ಎರಡನೆಯವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ.

ಇನ್ನೊಂದು ಜಗಳ ವರ್ಷ ವರ್ಷ ಇರುತ್ತದೆ. ‘ಒಂದು ವರ್ಷ ಮಾತ್ರೆ ತಿಂದರೂ ಅಮ್ಮನ ಮೂಳೆ ಎರಡು ಪರ್ಸೆಂಟ್ ಇಳಿದಿದೆ, ದುಡ್ಡೆಲ್ಲ ದಂಡ’ ಅಂತ ಒಬ್ಬ ಮಗ ಕೌಂಟರಿನಲ್ಲಿ ಕೂಗಾಡಿದರು. ಮೊದಲಿನ ನಾನಾಗಿದ್ದರೆ ಡಾಕ್ಟರನ್ನು ಕೇಳಿ ಅಂತ ಜಾರಿಕೊಳ್ಳುತ್ತಿದ್ದೆ. ಈಗ ಕೂರಿಸಿ ಹೇಳುತ್ತೇನೆ. ನಾವು 30 ಜನರನ್ನು ಎರಡೆರಡು ಸಲ ಅಳೆದೆವು. ಮೊದಲ ಸ್ಕ್ಯಾನ್ ಆದ ಮೇಲೆ ಮೇಜಿನಿಂದ ಇಳಿಸಿ, ಮತ್ತೆ ಹತ್ತಿಸಿ ಮಲಗಿಸಿ. ಅದೇ ಮನುಷ್ಯ, ಅದೇ ಯಂತ್ರ, ಅದೇ ಬೆಳಗ್ಗೆ. ಆದರೂ ಅಂಕಿ ಒಂದೇ ಬರಲಿಲ್ಲ. ಆ ಲೆಕ್ಕದಿಂದ ನಮ್ಮ ಕೈಯಲ್ಲಿ ಬೆನ್ನಿಗೆ ನಾಲ್ಕು ಪರ್ಸೆಂಟಿಗಿಂತ ಕಡಿಮೆ ಏರಿಳಿತವಾದರೆ ಅದು ಬದಲಾವಣೆಯೇ ಅಲ್ಲ ಅಂತ ಗೊತ್ತಾಯಿತು. ಅವರ ಅಮ್ಮನ ಮೂಳೆ ಇಳಿದಿರಲಿಲ್ಲ, ನಿಂತಿತ್ತು. ಆ ವಯಸ್ಸಿಗೆ ನಿಲ್ಲುವುದೇ ದೊಡ್ಡದು. ಬೇರೆ ಊರಲ್ಲಿ ಬೇರೆ ಕಂಪನಿಯ ಯಂತ್ರದಲ್ಲಿ ಮಾಡಿಸಿದ್ದರೆ ಹೋಲಿಸಲೇಬೇಡಿ. ಒಂದೇ ಬೆನ್ನಿಗೆ ಲೂನಾರ್ ಯಂತ್ರದ ಅಂಕಿ ಹೋಲಾಜಿಕ್‌ಗಿಂತ ಹತ್ತು ಪರ್ಸೆಂಟಿಗೂ ಜಾಸ್ತಿ ಬರುತ್ತದೆ.

ಆ ಅಜ್ಜಿ ಮೂರು ತಿಂಗಳಾದ ಮೇಲೆ ವಾಕರ್ ಹಿಡಿದು ಬಂದರು. ಮುರಿಯದ ಕಡೆಯ ಕಾಲನ್ನು ನಿಧಾನಕ್ಕೆ ತಿರುಗಿಸಿದೆವು, ಹದಿನೈದು ನಿಮಿಷ ಹಿಡಿಯಿತು. ಮೈನಸ್ 3.1. ‘ಈ ಸಲ ಪಾಸಾ?’ ಅಂತ ಕೇಳಿದರು. ಏನು ಹೇಳಲಿ? ‘ಈ ಸಲ ಸರಿಯಾಗಿ ಅಳೆದಿದೀವಿ ಅಜ್ಜಿ’ ಅಂದೆ. ವರ್ಷಕ್ಕೊಮ್ಮೆ ಇಂಜೆಕ್ಷನ್ ಶುರುವಾಯಿತು.

ಹೋದ ತಿಂಗಳು ಒಬ್ಬ ತಾತ ಬಂದಿದ್ದರು. ಗಂಡಸರನ್ನು ಈ ಟೆಸ್ಟಿಗೆ ಕಳಿಸುವುದೇ ಅಪರೂಪ. ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ಅದು ಮೂಳೆ ತಿನ್ನುತ್ತದೆ. ಬೆನ್ನಿನ ಅಂಕಿ ಪರವಾಗಿಲ್ಲ ಅನ್ನುವ ಹಾಗೇ ಇತ್ತು. ಪಂಚೆ ಉಡುವವರಿಗೆ ಲಂಗದ ಪ್ರಶ್ನೆ ಕೇಳುವ ಹಾಗಿಲ್ಲ, ಮೇಲಕ್ಕೆತ್ತಿ ಕಟ್ಟಿಕೊಂಡರೆ ಮುಗಿಯಿತು. ನಾನು ಬೇರೇನು ಕೇಳಲಿ ಅಂತ ಯೋಚಿಸುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯೇ ಅಂದರು:

‘ರಾತ್ರಿ ಬಾಗಿಲಿನ ಮೇಲಿನ ಅಗುಳಿ ಇವರೇ ಹಾಕ್ತಿದ್ರು. ಈಗ ಮೊಮ್ಮಗನ್ನ ಕರೀತಾರೆ.’

ಪಕ್ಕಕ್ಕೆ ಮಲಗಿಸಿ ಇನ್ನೊಂದು ಚಿತ್ರ ತೆಗೆದೆ. ಎರಡು ಮಣಿ ಕುಸಿದಿದ್ದವು.