ಯಾರದ್ದು ಸುಳ್ಳು ಸಾರ್?

‘ನಮ್ಮವರು 6.9 ಅಂದ್ರು, ಅಮೆರಿಕದವರು 7.7 ಅಂದ್ರು. ಯಾರದ್ದು ಸುಳ್ಳು ಸಾರ್?’

2001ರ ಭುಜ್ ಭೂಕಂಪದಿಂದ ಇವತ್ತಿನವರೆಗೆ ಇದೇ ಪ್ರಶ್ನೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬಿಡುವುದಿಲ್ಲ. ಯಾರದ್ದೂ ಸುಳ್ಳಲ್ಲ. ಆ ಪದ ಕೇಳಿದರೆ ನನಗೆ ಬೇಜಾರಾಗುತ್ತದೆ. ನಡುರಾತ್ರಿ ಎದ್ದು ಕಂಪನದ ಗೆರೆ ಓದುವವರು ಸುಳ್ಳು ಹೇಳೋಕೆ ಏಳುವುದಿಲ್ಲ.

ಮೊದಲು ಭೂಕಂಪ ಆದ ಜಾಗ ಹುಡುಕುವುದು. ನೆಲ ಬಿರಿದಾಗ ಪಿ ಅಲೆ ಮುಂದೆ ಓಡುತ್ತದೆ, ಎಸ್ ಅಲೆ ಹಿಂದೆ ಬರುತ್ತದೆ. ಹತ್ತಿರದ ಭೂಕಂಪಕ್ಕೆ, ಎರಡರ ನಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿ.ಮೀ. ಲೆಕ್ಕ. 20 ಸೆಕೆಂಡ್ ಇದ್ದರೆ 160 ಕಿ.ಮೀ. ದೂರ ಸಿಕ್ಕಿತು, ದಿಕ್ಕು ಸಿಗಲಿಲ್ಲ. ಅದಕ್ಕೇ ಕಂಪನ ಅಳೆಯುವ ಮೂರು ಕೇಂದ್ರ, ಅವುಗಳ ಸುತ್ತ ಮೂರು ವೃತ್ತ. ಕಲಿಯುವಾಗ ನಕಾಶೆ ಮೇಲೆ ಕೈವಾರದಲ್ಲಿ ಎಳೆದಿದ್ದೆ. ವೃತ್ತಗಳು ಒಂದೇ ಚುಕ್ಕೆಯಲ್ಲಿ ಸೇರದೆ ನಡುವೆ ಪುಟ್ಟ ತ್ರಿಕೋನ ಉಳಿಯಿತು. ರಬ್ಬರ್ ತಗೊಂಡೆ. ಮೇಷ್ಟ್ರು ತಡೆದರು: ‘ಅಳಿಸಬೇಡ. ನೀನು ಭೂಕಂಪದ ಆಳ ಮರೆತಿದ್ದೀಯ, ಅದೇ ಅಲ್ಲಿ ಕಾಣ್ತಿರೋದು.’

ಈಗ ಸಂಖ್ಯೆ. ರಿಕ್ಟರ್ ತಮ್ಮ ಮಾಪನ ಮಾಡಿದ್ದು 1935ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆಂದು. ಒಂದಂಕಿ ಮೇಲೇರಿದರೆ ಗೆರೆ 10 ಪಟ್ಟು ಎತ್ತರ, ಶಕ್ತಿ ಸುಮಾರು 32 ಪಟ್ಟು. ಆದರೆ ದೊಡ್ಡ ಭೂಕಂಪಕ್ಕೆ ಅದು ಸಾಲದು. ಅಡುಗೆಮನೆ ತಕ್ಕಡಿಯಲ್ಲಿ ಭತ್ತದ ಮೂಟೆ ತೂಗೋಕಾಗುತ್ತಾ? 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೋರಿ ಬೇರೆ ಮಾಪನ ಕೊಟ್ಟರು. ಎಷ್ಟು ಅಗಲದ ಬಂಡೆ, ಎಷ್ಟು ಜಾರಿತು, ಎಷ್ಟು ಗಟ್ಟಿ ಅನ್ನುವುದೇ ಅದರ ಲೆಕ್ಕ. ಭುಜ್‌ನ 7.7 ಈ ತಕ್ಕಡಿಯದು, 6.9 ಬೇರೆ ತಕ್ಕಡಿಯದು.

ಇಷ್ಟು ಹೇಳಿದ ಮೇಲೂ ನನಗೆ ಬೇಕಾದ ಪ್ರಶ್ನೆ ಯಾರೂ ಕೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದದ್ದು 6.2. ಶಕ್ತಿಯಲ್ಲಿ ಭುಜ್‌ನ ನೂರನೇ ಒಂದು ಪಾಲೂ ಇಲ್ಲ. ಆದರೂ 7,900ಕ್ಕೂ ಹೆಚ್ಚು ಜನ ಹೋದರು. ಮಣ್ಣಲ್ಲಿ ಕೂರಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ಕೆಳಗೆ ಮಲಗಿದವರು.

ಕಲಬುರಗಿ ಕಡೆಯ ಹಳ್ಳಿಯೊಂದರಲ್ಲಿ ಅಂಥದ್ದೇ ಮಾಳಿಗೆ ಮನೆಗೆ ಹೋಗಿದ್ದೆ. ಅಲ್ಲಿನ ಅಜ್ಜಿ ಸಂಖ್ಯೆ ಕೇಳಲಿಲ್ಲ. ಉಬ್ಬಿದ ಗೋಡೆ ಮೇಲೆ ಅಂಗೈ ಇಟ್ಟು ಕೇಳಿದರು: ‘ಇದು ತಡೀತದೇನೋ ತಮ್ಮಾ?’

ಗೋಡೆಯ ಒಳಮೈಯಿಂದ ಹೊರಮೈವರೆಗೆ ಚಾಚಿ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಒಂದಾದರೂ ಇದೆಯಾ ಅಂತ ಇಬ್ಬರೂ ಹುಡುಕಿದೆವು. ಒಂದೂ ಇರಲಿಲ್ಲ. ‘ತಡೆಯಲ್ಲ ಅಜ್ಜಿ’ ಅಂದೆ.