ತುಮಕೂರು ಅಮಾನಿಕೆರೆಗೆ ಹಕ್ಕಿ ನೋಡಲು ಹೋಗುವವರಿಗೆ

ಹಕ್ಕಿ ನೋಡಬೇಕು ಅಂದರೆ ರಂಗನತಿಟ್ಟಿಗೇ ಹೋಗಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರಿನಲ್ಲಿ, ಊರೊಳಗೇ ಅಮಾನಿಕೆರೆ ಇದೆ. ಕೆರೆಗೆ ಅಂಟಿಕೊಂಡೇ ಪಾರ್ಕ್. ಜೀಪು ಬೇಡ, ಗೈಡು ಬೇಡ. ಈ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಹಕ್ಕಿ ನೋಡಲು ಕಲಿಯುವವರಿಗೆ ಕಾಡಿಗಿಂತ ಇಂಥ ಜಾಗವೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ದಿನಾ ವಾಕಿಂಗ್ ಬರುವವರನ್ನು ಕಂಡು ಕಂಡು ಇಲ್ಲಿನ ಹಕ್ಕಿಗಳಿಗೆ ಮನುಷ್ಯರ ಭಯ ಕಡಿಮೆ.

ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ವಲಸೆ ಹಕ್ಕಿಗಳೂ ಸಿಗುವ ಕಾಲ ಅದು. ಬೆಳಗ್ಗೆ ಆರೂವರೆಗೆಲ್ಲ ಕೆರೆಯ ಹತ್ತಿರ ಇದ್ದರೆ ಚೆನ್ನ. ಹಾಗಾಗಿ ಬೆಂಗಳೂರಿನವರು ನಸುಕಿನಲ್ಲೇ ಹೊರಡಬೇಕು. ಮೆಜೆಸ್ಟಿಕ್‌ನಿಂದ ಬಸ್ಸುಗಳಿವೆ, ರೈಲೂ ಇದೆ. ಊರಿಗೆ ಬಂದ ಮೇಲೆ ಆಟೋದವರಿಗೆ ಅಮಾನಿಕೆರೆ ಅಂದರೆ ಸಾಕು.

ಒಳಗೆ ಹೋದವರು ಮೊದಲು ಸೂರ್ಯ ಎಲ್ಲಿದ್ದಾನೆ ನೋಡಿಕೊಳ್ಳಿ. ಬಿಸಿಲು ನಿಮ್ಮ ಬೆನ್ನಿಗೆ ಬೀಳಬೇಕು. ಎದುರು ಬಿಸಿಲಿಗೆ ನಿಂತರೆ ಎಷ್ಟು ಒಳ್ಳೆಯ ಬೈನಾಕ್ಯುಲರ್ ಇದ್ದರೂ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಬೈನಾಕ್ಯುಲರ್ ಕೊಳ್ಳುವವರು 8x42 ಅಂತ ಬರೆದಿರುವುದನ್ನು ನೋಡಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಅದಕ್ಕಿಂತ ಜಾಸ್ತಿ ಪಟ್ಟಿನದು ಕೈ ಅಲುಗಿದರೆ ಇನ್ನೂ ಹೆಚ್ಚು ಅಲುಗುತ್ತದೆ, ಮಕ್ಕಳಿಗಂತೂ ಕಷ್ಟ.

ಇನ್ನು ಮುಖ್ಯವಾದ ಮಾತು. ಕಲ್ಲು ಕಟ್ಟಿ, ಹುಲ್ಲು ಕತ್ತರಿಸಿ ಚಂದ ಮಾಡಿದ ದಡದಲ್ಲಿ ಹಕ್ಕಿ ಹುಡುಕಬೇಡಿ. ನಾವು ಅಂಥ ಕಡೆ ನಿಂತಿದ್ದಾಗ ವಾಕಿಂಗ್ ಬಂದ ಅಜ್ಜ ಒಬ್ಬರು, "ಇಲ್ಲೇನೂ ಸಿಗಲ್ಲ ಕಣಮ್ಮ, ಜೊಂಡು ಇರೋ ಕಡೆ ಹೋಗಿ" ಅಂದರು. ಅವರ ಮಾತು ಅಕ್ಷರಶಃ ನಿಜ. ಕೆಸರು, ಜೊಂಡು, ನೀರಿಗೆ ಬಾಗಿದ ಒಣ ಕೊಂಬೆ ಎಲ್ಲಿದೆಯೋ ಅಲ್ಲಿ ಅರ್ಧ ಗಂಟೆ ಸುಮ್ನೆ ನಿಂತುಕೊಳ್ಳಿ. ಕೆರೆ ಸುತ್ತು ಹಾಕುವುದಕ್ಕಿಂತ ಇದರಲ್ಲಿ ಸಿಗುವುದೇ ಜಾಸ್ತಿ.

ಜೊಂಡಿನ ಅಂಚಿಗೆ ನೇರಳೆ ಜಂಬುಕೋಳಿ ಬಂತು. ಮೈಯೆಲ್ಲ ನೀಲಿ-ನೇರಳೆ, ಕೊಕ್ಕು ಕೆಂಪು. ಒಂದು ದಂಟನ್ನು ಕಿತ್ತು, ಉದ್ದ ಬೆರಳುಗಳಲ್ಲಿ ಕೈಯಲ್ಲಿ ಹಿಡಿದ ಹಾಗೆ ಹಿಡಿದುಕೊಂಡು, ಬುಡದ ಮೆತ್ತನೆ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಬಿಸಾಕಿತು. ಮಗಳು ಬೈನಾಕ್ಯುಲರ್ ಕೊಡಲೇ ಇಲ್ಲ! ಪಕ್ಕದಲ್ಲೇ ಕೊಳದ ಬಕ ಇತ್ತು. ಕೆಸರಿನ ಬಣ್ಣ, ಕತ್ತು ಒಳಗೆಳೆದುಕೊಂಡು ಅಲುಗಾಡದೆ ಕೂತರೆ ಕಾಣುವುದೇ ಇಲ್ಲ. ಹಾರಿದಾಗ ಮಾತ್ರ ಅಚ್ಚ ಬಿಳಿ ರೆಕ್ಕೆ ಕಾಣುತ್ತದೆ. ಹಣೆಯ ಮೇಲೆ ಬಿಳಿ ನಾಮ ಇರುವ ಕಪ್ಪು ಹಕ್ಕಿ ನಾಮದ ಕೋಳಿ. ಚಿಕ್ಕದೊಂದು ಮುಳುಗಿ ಇನ್ನೆಲ್ಲೋ ಎದ್ದರೆ ಅದು ಗುಳುಮುಳುಕ. ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವುದು ನೀರುಕಾಗೆ, ಅದರ ಗರಿ ನೀರಿಗೆ ನೆನೆಯುತ್ತದೆ, ಅದಕ್ಕೇ ಒಣಗಿಸಿಕೊಳ್ಳಬೇಕು. ಕಪ್ಪು ಬಿಳುಪು ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆ ಕೆಳಗಾಗಿ ಧುಮುಕುತ್ತದೆ. ತಲೆ ಎತ್ತಿ ನೋಡುವುದನ್ನೂ ಮರೆಯಬೇಡಿ, ಮೇಲೆ ಗರುಡ ಸುತ್ತುತ್ತಿರಬಹುದು.

ಕೆಲವು ಕಡೆ ನೀರು ವಾಸನೆ ಬರುತ್ತದೆ, ಪ್ಲಾಸ್ಟಿಕ್ ತೇಲುತ್ತಿರುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವಂತೂ ಬ್ರೆಡ್ಡು, ಮಂಡಕ್ಕಿ ನೀರಿಗೆ ಎಸೆಯುವುದು ಬೇಡ. ಫೋಟೊಗೋಸ್ಕರ ಜೊಂಡಿನೊಳಗೆ ಇಳಿಯಲೂಬೇಡಿ, ಗೂಡಿರಬಹುದು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದೂ ತಪ್ಪು.

ನೋಡಿದ್ದನ್ನು ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿ, ಯಾರು ಎಲ್ಲಿ ಯಾವ ಹಕ್ಕಿ ಕಂಡರು ಅಂತ ಬರೆದಿಡುವ ಆ್ಯಪ್ ಅದು, ಉಚಿತ. ಕೆರೆ ಅಭಿವೃದ್ಧಿ ಅಂದರೆ ಜೊಂಡು ಪೂರ್ತಿ ಕಿತ್ತು ಸುತ್ತಲೂ ಕಲ್ಲು ಕಟ್ಟುವುದು ಅಂತ ಆಗಿಬಿಟ್ಟಿದೆ. ಯಾವ ದಡದಲ್ಲಿ ಯಾವ ಹಕ್ಕಿ ಇತ್ತು ಅನ್ನುವ ಲೆಕ್ಕ ಇದ್ದರೆ, ಅಷ್ಟು ಭಾಗ ಹಾಗೇ ಬಿಡಿ ಅಂತ ಕೇಳಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ ಅಲ್ವಾ?

ಒಂಬತ್ತರ ಹೊತ್ತಿಗೆ ಬಿಸಿಲೇರಿ ಹಕ್ಕಿಗಳ ಓಡಾಟ ಕಡಿಮೆಯಾಗುತ್ತದೆ. ಬೆಂಗಳೂರಿಗೆ ವಾಪಸ್ ಹೋಗುವ ದಾರಿಯಲ್ಲೇ ಕ್ಯಾತ್ಸಂದ್ರ ಸಿಗುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಊರು, ತಿಂಡಿ ಅಲ್ಲೇ ಇಟ್ಟುಕೊಳ್ಳಿ. ಇಡೀ ದಿನ ಬಿಡುವಿದ್ದು, ಬೇಸಿಗೆ ಹತ್ತಿರ ಬಂದಿದ್ದರೆ ಶಿರಾ ತಾಲ್ಲೂಕಿನ ಕಗ್ಗಲಡುಗೂ ಹೋಗಬಹುದು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಊರಿನವರೇ ಅವನ್ನು ಕಾಯುತ್ತಾರೆ, ಮರದ ಕೆಳಗೆ ಗಲಾಟೆ ಮಾಡದೆ ದೂರದಿಂದ ನೋಡಿ ಬನ್ನಿ.